ಮಫ್ಲರ್ ಅಂಚು ಸುರುಳಿ ಸುತ್ತೋದು ಯಾಕೆ?

ನೀವು ಹೆಣೆದ ಮಫ್ಲರ್ ಅಂಚು ಚಾಪೆ ಥರ ಸುತ್ತಿಕೊಳ್ತಿದೆಯಾ? ನಿಮ್ಮ ಕೈ ತಪ್ಪಲ್ಲ, ಆ ಹೆಣಿಗೆಯ ಗುಣವೇ ಅದು.

ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಹಾಕ್ತಾ ಹೋದರೆ ಉಬ್ಬುಗಳೆಲ್ಲ ಹಿಂಬದಿಗೇ ಬೀಳುತ್ತವೆ. ಮುಂಬದಿಯಲ್ಲಿ ನುಣುಪಾದ ‘ವಿ’ ಸಾಲು. ಎರಡು ಬದಿಯ ಎಳೆತ ಒಂದೇ ಅಲ್ಲ. ಅದಕ್ಕೇ ಪಕ್ಕದ ಅಂಚು ಹಿಂದಕ್ಕೆ, ಮೇಲಿನ-ಕೆಳಗಿನ ಅಂಚು ಮುಂದಕ್ಕೆ ಸುತ್ತಿಕೊಳ್ಳುತ್ತೆ.

ಪರಿಹಾರ ಸುಲಭ. ಮೊದಲ 6 ಸಾಲು, ಕೊನೆಯ 6 ಸಾಲು ಪೂರ್ತಿ ನಿಟ್ ಹಾಕಿ. ನಡುವಿನ ಸಾಲುಗಳಲ್ಲಿ ಎರಡೂ ಪಕ್ಕ 4 ಕುಣಿಕೆ ಯಾವಾಗಲೂ ನಿಟ್. ಉಬ್ಬು ಎರಡೂ ಬದಿಗೆ ಹಂಚಿಹೋಗಿ ಅಂಚು ಚಪ್ಪಟೆಯಾಗಿ ಕೂರುತ್ತೆ. ಇದೇ ಗಾರ್ಟರ್ ಅಂಚು.

ಸುತ್ತಿದ ಅಂಚನ್ನು ಚಪ್ಪಟೆ ಮಾಡೋಕೆ ಅಂತ ಅಕ್ರಿಲಿಕ್ ಉಲ್ಲನ್ ಮೇಲೆ ಮಾತ್ರ ಬಿಸಿ ಇಸ್ತ್ರಿ ಇಡಬೇಡಿ, ಕರಗುತ್ತೆ. ಇವತ್ತೇ 20 ಕುಣಿಕೆಯ ತುಂಡೊಂದು ಹೆಣೆದು ನೋಡಿ!