ಮನೆಯೇ ತರಗತಿಯಾದಾಗ

ಕೇಶವಾನಂದ ಭಾರತಿ ಮೊಕದ್ದಮೆಯನ್ನು ಓದದ ಕಾನೂನು ವಿದ್ಯಾರ್ಥಿ ನಮ್ಮ ದೇಶದಲ್ಲಿಲ್ಲ. ಆ ಸ್ವಾಮೀಜಿಯವರು ನಮ್ಮ ಎಡನೀರು ಮಠದವರು. 1973ರಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರ ಪೀಠ ಆ ತೀರ್ಪು ನೀಡಿತು. ಸಂವಿಧಾನದ ಚರಿತ್ರೆಯಲ್ಲಿ ಹೀಗೆ ಹೆಸರು ಪಡೆದ ಈ ಊರಿನ ಕಡೆಯೂ 2020ರಲ್ಲಿ ಇನ್ನೊಂದು ಹಕ್ಕಿನ ಪ್ರಶ್ನೆ ಎದ್ದಿತು. ಕಾಲೇಜು ಮನೆಗೇ ಬಂದರೆ, ಆ ಮನೆಯಲ್ಲಿ ಏನೇನಿರಬೇಕು?

ಆ ವರ್ಷ ಜೂನ್ 1ರಂದು ಕೇರಳದ ಕಾಲೇಜುಗಳಲ್ಲಿ ಆನ್‌ಲೈನ್ ತರಗತಿಗಳು ಶುರುವಾದವು. ಅದಕ್ಕೆ ಮೊದಲೇ, ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿತ್ತು. ಮಂಗಳೂರಿನಲ್ಲಿ ಕಲಿಯುತ್ತಿದ್ದ ನಮ್ಮ ಜಿಲ್ಲೆಯ ಮಕ್ಕಳಿಗೂ ಫೋನೇ ಕಾಲೇಜಾಯಿತು.

ಬೀಡಿ ಕಟ್ಟುವ ತಾಯಿ, ಅಡಿಕೆ ತೋಟಕ್ಕೆ ಕೂಲಿಗೆ ಹೋಗುವ ತಂದೆ, ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳು, ಇರುವುದು ಒಂದೇ ಫೋನು. ಇಂಥ ಮನೆಗಳು ನಮ್ಮಲ್ಲಿ ಅಪರೂಪವೇ? ಒಂದು ಗಂಟೆಯ ವಿಡಿಯೋ ತರಗತಿಗೆ ಅರ್ಧದಿಂದ ಒಂದು ಜಿಬಿ ಡೇಟಾ ಬೇಕು. ಮಧ್ಯಾಹ್ನಕ್ಕೇ ಅಂದಿನ ಪಾಲು ಮುಗಿದರೆ ಉಳಿದ ಪಾಠಕ್ಕೆ ಗೈರುಹಾಜರಿ. ಮಳೆಗೆ ಕರೆಂಟು ಹೋದರೂ ಗೈರುಹಾಜರಿ. ಸೋಮಾರಿತನಕ್ಕೂ ಬಡತನಕ್ಕೂ ಹಾಜರಿ ಪುಸ್ತಕದಲ್ಲಿ ಒಂದೇ ಗುರುತು! ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇನ್ನೊಂದು ನಷ್ಟವೂ ಆಯಿತು. ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಹೇಳಿದ್ದು ಅರ್ಥವಾಗದಿದ್ದರೆ ಪಕ್ಕದ ಬೆಂಚಿನವರನ್ನು ಮೆಲ್ಲಗೆ ಕೇಳಬಹುದಿತ್ತು. ಫೋನಿನ ಪರದೆಯಲ್ಲಿ ಪಕ್ಕದ ಬೆಂಚು ಇಲ್ಲ.

ಇದು ನಮ್ಮೂರಿನ ಕಷ್ಟ ಮಾತ್ರವಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಇಂಟರ್ನೆಟ್ ಸೌಲಭ್ಯವಿದ್ದದ್ದು ನಗರಗಳಲ್ಲಿ ನೂರಕ್ಕೆ 42 ಮನೆಗಳಲ್ಲಿ, ಹಳ್ಳಿಗಳಲ್ಲಿ ಸುಮಾರು 15 ಮನೆಗಳಲ್ಲಿ. ಕಂಪ್ಯೂಟರ್ ಇದ್ದ ಹಳ್ಳಿಮನೆಗಳು ನೂರಕ್ಕೆ ಐದೂ ಇರಲಿಲ್ಲ.

ಒಂದೇ ಫೋನು ಇದ್ದಲ್ಲಿ ಮೊದಲ ಸರದಿ ಯಾರದು? ಮಗನದೋ, ಮಗಳದೋ? 'ಹುಡುಗಿಗೆ ಫೋನು ಯಾಕೆ?' ಎಂಬ ಮಾತನ್ನು ನಾವೂ ಕೇಳಿದ್ದೇವೆ. ಕೋಝಿಕ್ಕೋಡು ಜಿಲ್ಲೆಯ ಕಾಲೇಜೊಂದರ ವಿದ್ಯಾರ್ಥಿನಿಯನ್ನು, ಸಂಜೆ ಫೋನು ಬಳಸಬಾರದೆಂಬ ನಿಯಮವನ್ನು ಒಪ್ಪದ್ದಕ್ಕೆ ಹಾಸ್ಟೆಲಿನಿಂದ ಹೊರಗೆ ಹಾಕಲಾಗಿತ್ತು. ಆಕೆ ಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟು, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿ ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಕೋರ್ಟು ಕೊಟ್ಟದ್ದನ್ನು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ನಾವು ಕೊಟ್ಟಿದ್ದೇವೆಯೇ?

ಕಾಲೇಜುಗಳು ಮತ್ತೆ ತೆರೆದಿವೆ, ನಿಜ. ಆದರೆ ಪ್ರವೇಶದ ಅರ್ಜಿ, ಅಸೈನ್‌ಮೆಂಟು, ವಿದ್ಯಾರ್ಥಿವೇತನ ಎಲ್ಲವೂ ಈಗ ಆನ್‌ಲೈನ್. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡುವ ಗುರಿಯಿಂದ ಕೇರಳ ಸರಕಾರದ ಕೆ-ಫೋನ್ ಯೋಜನೆ 2023ರ ಜೂನ್ 5ರಂದು ಉದ್ಘಾಟನೆಗೊಂಡಿತು. ಆದರೆ ತಂತಿ ಮನೆಗೆ ಬಂದ ಮೇಲೂ ಲ್ಯಾಪ್‌ಟಾಪು ಬೇಕು, ಕುಳಿತು ಓದಲು ಒಂದು ಮೂಲೆ ಬೇಕು, ಕಲಿಸಿಕೊಡುವವರು ಬೇಕು.

ಇಲ್ಲಿ ನಮ್ಮ ಪಾಲಿನ ಕೆಲಸವಿದೆ. ವಾರದ ಆರು ದಿನ ಬೀಗ ಹಾಕಿರುವ ಚರ್ಚ್ ಸಭಾಂಗಣದಲ್ಲಿ ಸಂಜೆ ಎರಡು ಗಂಟೆ ಬೆಳಕು, ವೈಫೈ, ಎರಡು ಕಂಪ್ಯೂಟರುಗಳಿದ್ದರೆ ಯಾವ ಜಾತಿ ಮತದ ಮಗುವಾದರೂ ಬಂದು ಓದೀತು. ವಿದೇಶದಲ್ಲಿರುವ ನಮ್ಮವರ ಕಪಾಟಿನಲ್ಲಿ ಬಳಸದ ಲ್ಯಾಪ್‌ಟಾಪುಗಳಿರಬಹುದು, ಕೇಳೋಣ. 'ನಿನಗೆ ಫೋನಿದೆಯೇ?' ಎಂದು ನಾಲ್ಕು ಜನರ ಮುಂದೆ ವಿಚಾರಿಸಿ ಮಕ್ಕಳನ್ನು ನಾಚಿಸುವುದು ಬೇಡ. ಬಾಗಿಲು ತೆರೆದಿಟ್ಟರೆ ಸಾಕು, ಬೇಕಾದವರು ಬರುತ್ತಾರೆ.