ಒಂದೇ ಚಿಪ್, ಐದು ತುಂಡು

ಪ್ರಶ್ನೆ: ಸರ್ಕ್ಯೂಟ್ ವಿನ್ಯಾಸದ ತಂತ್ರಾಂಶ ಕಿಕ್ಯಾಡ್‌ನಲ್ಲಿ ಎಲ್‌ಎಂ324 ಚಿಪ್ ಇಟ್ಟರೆ ಒಂದೇ ತ್ರಿಕೋನ ಬರುತ್ತದೆ. ಉಳಿದ ಮೂರು ಆಪ್-ಆಂಪ್‌ಗಳು ಎಲ್ಲಿ? ವಿದ್ಯುತ್ ಪಿನ್‌ಗಳೂ ಕಾಣುವುದಿಲ್ಲವಲ್ಲ?

ಉತ್ತರ: ಎಲ್ಲವೂ ಇವೆ, ನೀವಿನ್ನೂ ಇಟ್ಟಿಲ್ಲ ಅಷ್ಟೆ. 14 ಪಿನ್‌ಗಳ ಈ ಚಿಪ್ಪನ್ನು ಕಿಕ್ಯಾಡ್ ಐದು ಘಟಕಗಳಾಗಿ ಬಿಡಿಸಿಟ್ಟಿದೆ. ಎ, ಬಿ, ಸಿ, ಡಿ ನಾಲ್ಕು ಆಪ್-ಆಂಪ್‌ಗಳು; ಐದನೆಯ ಇ ಘಟಕದಲ್ಲಿ ವಿದ್ಯುತ್ತಿನ 4 ಮತ್ತು 11ನೇ ಪಿನ್‌ಗಳು ಮಾತ್ರ. ಹೀಗೆ ಬಿಡಿಸಿರುವುದು ನಮ್ಮ ಅನುಕೂಲಕ್ಕೇ. ಒಂದನ್ನು ಮೈಕ್ ಇರುವ ಮೂಲೆಯಲ್ಲಿ, ಇನ್ನೊಂದನ್ನು ಫಿಲ್ಟರ್ ಪಕ್ಕದಲ್ಲಿ ಇಟ್ಟರೆ ನಕ್ಷೆ ಸಂಕೇತದ ಹಾದಿಯನ್ನೇ ಅನುಸರಿಸುತ್ತದೆ, ಗೆರೆಗಳು ಸಿಕ್ಕಾಗುವುದಿಲ್ಲ.

ಚಿಹ್ನೆ ಆರಿಸುವ ಕಿಟಕಿಯಲ್ಲಿ ಎಲ್ಲ ಘಟಕಗಳನ್ನೂ ಇಡುವ ಆಯ್ಕೆಯನ್ನು ಗುರುತು ಮಾಡಿ; ಒಂದಾದ ಮೇಲೊಂದು ಕರ್ಸರ್‌ಗೆ ಬರುತ್ತವೆ. ಅವುಗಳ ಹೆಸರಿನ ಕೊನೆಯ ಅಕ್ಷರ ಬೇರೆಯಾದರೂ ಸಂಖ್ಯೆ ಒಂದೇ ಇರಬೇಕು: ಯು1ಎ, ಯು1ಬಿ, ಹೀಗೆ. ಎರಡನೆಯದು ಯು2ಎ ಆಗಿಬಿಟ್ಟರೆ ಬೋರ್ಡಿನಲ್ಲಿ ಎರಡು ಚಿಪ್‌ಗಳು ಬಂದು ಕೂರುತ್ತವೆ.

ವಿದ್ಯುತ್ ಘಟಕವನ್ನು ದಯವಿಟ್ಟು ಮರೆಯಬೇಡಿ. ಅದಿಲ್ಲದಿದ್ದರೆ ನಕ್ಷೆ ಕಣ್ಣಿಗೆ ಪೂರ್ಣವಾಗಿಯೇ ಕಾಣುತ್ತದೆ, ಆದರೆ ತಯಾರಾದ ಬೋರ್ಡಿನಲ್ಲಿ ಚಿಪ್ಪಿಗೆ ವಿದ್ಯುತ್ತೇ ಇರುವುದಿಲ್ಲ. ಬಳಸದ ಆಪ್-ಆಂಪ್ ಉಳಿದರೆ ಅದನ್ನೂ ನಕ್ಷೆಯಲ್ಲಿಡಿ: ಔಟ್‌ಪುಟ್ಟನ್ನು ಋಣ ಇನ್‌ಪುಟ್‌ಗೆ ಜೋಡಿಸಿ, ಧನ ಇನ್‌ಪುಟ್ಟನ್ನು ವಿದ್ಯುತ್ ವೋಲ್ಟೇಜಿನ ಅರ್ಧದಷ್ಟಿರುವ ಬಿಂದುವಿಗೆ ಕಟ್ಟಿ. ಕೊನೆಗೆ ಇಆರ್‌ಸಿ (ವಿದ್ಯುತ್ ನಿಯಮಗಳ) ತಪಾಸಣೆ ನಡೆಸಿ. ಬಿಟ್ಟುಹೋದ ಘಟಕಗಳನ್ನು ಕಿಕ್ಯಾಡ್‌ನ ಈಚಿನ ಆವೃತ್ತಿಗಳು ತಾವೇ ತೋರಿಸುತ್ತವೆ.