ಕಲ್ಯಾಣ ಕಟ್ಟಿದವನ ಸಂಕಟ

ಕನ್ನಡದ ಐತಿಹಾಸಿಕ ನಾಟಕಗಳಲ್ಲಿ ಅತಿ ಹೆಚ್ಚು ಬಾರಿ ರಂಗಕ್ಕೆ ಬಂದ ಪಾತ್ರಗಳಲ್ಲಿ ಬಸವಣ್ಣನದು ಒಂದು. ಕಳೆದ ಐದಾರು ದಶಕಗಳಲ್ಲಿ ಅವನ ಮೇಲೆ ಬಂದ ಗಂಭೀರ ನಾಟಕಗಳೆಲ್ಲ ಅವನನ್ನು ಒಂದೇ ಇಕ್ಕಟ್ಟಿನಲ್ಲಿ ನಿಲ್ಲಿಸುತ್ತವೆ. ಮಾತಿನಿಂದ ಒಂದು ಸಮುದಾಯವನ್ನು ಕಟ್ಟಿದವನು, ಆ ಸಮುದಾಯ ತನ್ನ ಮಾತನ್ನೂ ಮೀರಿ ಬೆಳೆಯುವುದನ್ನು ನೋಡಬೇಕಾದ ಇಕ್ಕಟ್ಟು ಅದು. ಪಿ. ಲಂಕೇಶರ ‘ಸಂಕ್ರಾಂತಿ’ (1971), ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986), ಗಿರೀಶ ಕಾರ್ನಾಡರ ‘ತಲೆದಂಡ’ (1990) ಈ ಸಾಲಿನ ಮುಖ್ಯ ಕೃತಿಗಳು.

ಕತೆಯ ನೆಲ ಕೃಷ್ಣೆಯ ಆಚೀಚೆ ಇದೆ. ವಿಜಯಪುರ–ಹೊಸಪೇಟೆ ಹೆದ್ದಾರಿಯ ಮೇಲಿರುವ ನಿಡಗುಂದಿಯಿಂದ ಉತ್ತರಕ್ಕೆ ಹೋದರೆ ಬಸವನ ಬಾಗೇವಾಡಿ, ಅಂದರೆ ಬಸವಣ್ಣ ಹುಟ್ಟಿದ ಊರು. ತಂದೆ ಮಾದರಸ, ತಾಯಿ ಮಾದಲಾಂಬಿಕೆ. ನಿಡಗುಂದಿಯಿಂದ ಆಗ್ನೇಯಕ್ಕೆ ಹೊಳೆ ದಾಟಿದರೆ ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ. ಎಳೆಯ ಬಸವಣ್ಣ ಮನೆ ಬಿಟ್ಟು ವಿದ್ಯೆಗೆ ಹೋದದ್ದು ಅಲ್ಲಿಗೆ. ತನ್ನ ವಚನಗಳ ಕೊನೆಯ ಅಂಕಿತವನ್ನು ಆಯ್ದುಕೊಂಡದ್ದು ಅಲ್ಲಿಯ ದೇವರ ಹೆಸರಿನಿಂದ. ಕಲ್ಯಾಣ ಉರಿಯುವ ಹೊತ್ತಿಗೆ ಅವನು ಮರಳಿ ಬಂದದ್ದೂ ಅದೇ ಸಂಗಮಕ್ಕೆ ಎನ್ನುತ್ತದೆ ಪರಂಪರೆ. ನಡುವಿನ ಬಾಳೆಲ್ಲ ಮಂಗಳವೇಢೆ ಮತ್ತು ಕಲ್ಯಾಣಗಳಲ್ಲಿ ಕಳೆಯಿತು. ಮಂಗಳವೇಢೆ ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ, ಕಲ್ಯಾಣ ಬೀದರ ಜಿಲ್ಲೆಯ ಬಸವಕಲ್ಯಾಣವಾಗಿದೆ.

ಚಾಲುಕ್ಯರ ಸಿಂಹಾಸನವನ್ನು ಕೈವಶ ಮಾಡಿಕೊಂಡ ಕಲಚುರಿ ಬಿಜ್ಜಳನಲ್ಲಿ ಬಸವಣ್ಣ ಭಂಡಾರಿಯಾಗಿದ್ದ. ಅವನ ಸುತ್ತ ಸೇರಿದ ಶರಣರಲ್ಲಿ ಸಮಗಾರ, ಡೋಹರ, ಮಡಿವಾಳ, ಅಂಬಿಗ, ಬ್ರಾಹ್ಮಣ ಎಂಬ ಭೇದವಿಲ್ಲದೆ ಎಲ್ಲರೂ ಇದ್ದರು. ಸಮಗಾರ ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ ಆಯಿತು. ಅದಕ್ಕಾಗಿ ಬೀಗರಿಬ್ಬರಿಗೂ ಕ್ರೂರ ಶಿಕ್ಷೆ ಆಯಿತು. ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿಹೋದರು. ಇದೆಲ್ಲ ನಡೆದದ್ದು 1167–68ರ ಆಸುಪಾಸು. ಆದರೆ ಕತೆಯ ಬಹುಭಾಗ ತಿಳಿಯುವುದು ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರ ಭೀಮಕವಿಯ ಕನ್ನಡ ಬಸವಪುರಾಣಗಳಂಥ ನಂತರದ ಕಾವ್ಯಗಳಿಂದ. ಬಸವಣ್ಣನ ವಂಶವನ್ನು ಹೇಳುವ ಹುಕ್ಕೇರಿ ತಾಲೂಕಿನ ಅರ್ಜುನವಾಡ ಶಾಸನವೂ 1260ರದು, ಅವನ ಕಾಲಕ್ಕೆ ಸುಮಾರು ನೂರು ವರ್ಷ ಈಚಿನದು. ಇತಿಹಾಸ ಬಿಟ್ಟ ಈ ತೆರಪೇ ನಾಟಕಕಾರರಿಗೆ ಅಂಗಳವಾಯಿತು.

ಪುರಾಣದ ಬಸವಣ್ಣನಿಗೂ ವಚನಗಳ ಬಸವಣ್ಣನಿಗೂ ಬಹಳ ಅಂತರವಿದೆ. ಪುರಾಣದಲ್ಲಿ ಅವನು ಶಿವನ ನಂದಿಯ ಅವತಾರ. ಮುಟ್ಟಿದ್ದೆಲ್ಲ ಪವಾಡ, ಸೋಲೆಂಬುದೇ ಇಲ್ಲ. ವಚನಗಳಲ್ಲಿ ಮಾತನಾಡುವವನು ತನ್ನ ಭಕ್ತಿಯನ್ನೇ ಮತ್ತೆ ಮತ್ತೆ ಒರೆಗೆ ಹಚ್ಚುವ, ತನ್ನಲ್ಲೇ ಕಪಟ ಕಂಡು ಕುಗ್ಗುವ, ಹೊಗಳಿಕೆಗೆ ಅಂಜುವ ಮನುಷ್ಯ. ಓಲೆಗರಿಗಳಲ್ಲಿ, ಮಠಗಳಲ್ಲಿ, ಭಕ್ತರ ನಾಲಗೆಯ ಮೇಲೆ ಉಳಿದಿದ್ದ ಈ ಎರಡನೆಯ ಬಸವಣ್ಣ ನಾಡಿನ ಸಾಮಾನ್ಯ ಓದುಗರಿಗೆ ಸಿಗುವಂತೆ ಮಾಡಿದ ಕೆಲಸದ ಬಹುಪಾಲು ವಿಜಯಪುರದಲ್ಲೇ ನಡೆಯಿತು. ಅಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿ ಕೂಡಿಹಾಕಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆರೆದರು. ಮುದ್ರಣಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಆಧುನಿಕ ಕನ್ನಡ ನಾಟಕ ಹಳಕಟ್ಟಿಯವರಿಗೆ ಎಷ್ಟು ಋಣಿ ಎಂಬುದನ್ನು ಯಾರೂ ಸರಿಯಾಗಿ ಎಣಿಸಿಲ್ಲ. ತನ್ನನ್ನೇ ಅನುಮಾನಿಸುವ ಆ ದನಿ ಅಚ್ಚಾಗಿ ಕೈಗೆ ಬರದಿದ್ದರೆ, ಕಟ್ಟಿದ್ದರ ಬಗ್ಗೆ ಸಂಕಟಪಡುವ ಬಸವಣ್ಣ ರಂಗದ ಮೇಲೆ ಹುಟ್ಟುವುದೇ ಕಷ್ಟವಿತ್ತು.

ವಚನಗಳು ಅಚ್ಚಾಗುವ ಮೊದಲು ಕಟ್ಟಿದವನ ಈ ಸಂಕಟದ ಪ್ರಶ್ನೆ ಎತ್ತಿದವರು ಇರಲಿಲ್ಲವೆಂದಲ್ಲ. ದಕ್ಷಿಣ ಕರ್ನಾಟಕದ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿ ಹೊಲಸು ಹೊತ್ತ, ಮುಟ್ಟಬಾರದವನ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಸಮಾನತೆಯ ಊರಿನ ಶರಣರು ಮೂಗು ಮುಚ್ಚಿಕೊಂಡು ಅವನನ್ನು ಅಟ್ಟುತ್ತಾರೆ. ಗುರುತು ಹಿಡಿಯುವವನು ಬಸವಣ್ಣನೊಬ್ಬನೇ. ಕಟ್ಟಿದವನ ಮನಸ್ಸಿಗೂ ಕಟ್ಟಿಸಿಕೊಂಡವರ ನಡತೆಗೂ ನಡುವಿನ ಬಿರುಕನ್ನು ಓದುಬರಹವಿಲ್ಲದ ಹಾಡುಗಾರರು ಅಷ್ಟು ನಿಚ್ಚಳವಾಗಿ ಕಂಡಿದ್ದರು. ಕನ್ನಡದ ಸಿನಿಮಾ ಹಿಡಿದದ್ದು ಬೇರೆ ದಾರಿ. ಹೊನ್ನಪ್ಪ ಭಾಗವತರು ಬಸವಣ್ಣನಾಗಿ, ರಾಜಕುಮಾರ್ ಬಿಜ್ಜಳನಾಗಿ ನಟಿಸಿದ 1959ರ ‘ಜಗಜ್ಯೋತಿ ಬಸವೇಶ್ವರ’ ಭಕ್ತಿಚಿತ್ರ.

ಲಂಕೇಶರು ‘ಸಂಕ್ರಾಂತಿ’ಯಲ್ಲಿ ಬಿರುಕನ್ನು ಇನ್ನೊಂದು ಕಡೆಯಿಂದ ನೋಡಿದರು. ಅಲ್ಲಿಯ ರುದ್ರ ದಲಿತ ಯುವಕ. ಶರಣನಾದ ಮೇಲೆ ಹೆಂಡ, ಮಾಂಸ, ಹಳೆಯ ಮಾತು, ಹಳೆಯ ನಗು ಎಲ್ಲವನ್ನೂ ಬಿಡಬೇಕಾಗುತ್ತದೆ. ಅವನನ್ನು ಮೆಚ್ಚಿದ ಬ್ರಾಹ್ಮಣ ಹುಡುಗಿ ಉಷಾಳಿಗೆ ಬೇಕಾಗಿದ್ದದ್ದು ಆ ಹಳೆಯ ರುದ್ರ. ಮುದುಕ ಉಜ್ಜ ತನ್ನ ದೇವರು, ತನ್ನ ಊಟ, ತನ್ನ ಕುಡಿತ ಬಿಟ್ಟುಕೊಡಲು ಒಪ್ಪುವುದೇ ಇಲ್ಲ. ರುದ್ರ ಉಷಾರ ಪ್ರಕರಣ ಬಿಜ್ಜಳನ ನ್ಯಾಯಸಭೆ ಮುಟ್ಟುತ್ತದೆ. ಬಸವಣ್ಣ ಮೇಲೆತ್ತಲು ಹೊರಟ ಜನ ಮೇಲೇರುವ ಹೊತ್ತಿಗೆ ತಮ್ಮದೇನನ್ನು ಕಳೆದುಕೊಂಡರು ಎಂಬುದು ಲಂಕೇಶರ ಪ್ರಶ್ನೆ. ಸುಧಾರಕ ಎಷ್ಟೇ ಒಳ್ಳೆಯವನಾದರೂ ಅವನು ಕೊಡುವ ಹೊಸ ಅಂಗಿ ಎಲ್ಲರ ಮೈಗೂ ಸರಿಹೋಗುವುದಿಲ್ಲ ಎಂಬ ನೋವು ಆ ನಾಟಕದ ಜೀವ. ಕುಲ ಬಿಡಿಸುವುದೆಂದರೆ ಬದುಕಿನ ರುಚಿಯನ್ನೂ ಬಿಡಿಸುವುದೇ ಎಂದು ಉಜ್ಜನ ಹಟ ಕೇಳುತ್ತಲೇ ಇರುತ್ತದೆ, ಬಸವಣ್ಣನ ಬಳಿ ಅದಕ್ಕೆ ಸಿದ್ಧ ಉತ್ತರವಿಲ್ಲ.

ಈ ವಸ್ತುವನ್ನು ಅತ್ಯಂತ ಆಳಕ್ಕೆ ಒಯ್ದದ್ದು ‘ತಲೆದಂಡ’. ಕಾರ್ನಾಡರು ಇದನ್ನು ಬರೆದದ್ದು 1989ರಲ್ಲಿ. ಮಂದಿರ ಮತ್ತು ಮಂಡಲ ಚಳವಳಿಗಳು ದೇಶವನ್ನು ಕಲಕಲು ತೊಡಗಿದ್ದ ಕಾಲ ಅದು. ಆ ಬಿಸಿ ನಾಟಕದ ಪ್ರತಿ ದೃಶ್ಯದಲ್ಲಿದೆ.

ನಾಟಕ ತೆರೆಯುವುದು ಅಗ್ರಹಾರದ ಒಂದು ಮನೆಯಲ್ಲಿ. ಸಾಂಬಶಿವಶಾಸ್ತ್ರಿ ಸಾವಿನ ಹಾಸಿಗೆಯಲ್ಲಿದ್ದಾನೆ. ಮಗ ಜಗದೇವ ಶರಣನಾಗಿ ಮನೆ ತೊರೆದವನು, ಕೊನೆಗೂ ಬಂದಿದ್ದಾನೆ, ಆದರೆ ಒಬ್ಬನೇ ಬಂದಿಲ್ಲ. ಜೊತೆಗೆ ಗೆಳೆಯ ಮಲ್ಲಿಬೊಮ್ಮ, ತೊಗಲು ಹದ ಮಾಡುವವರ ಮಗ. ಮಲ್ಲಿಬೊಮ್ಮನಿಗೆ ಆ ಓಣಿಯಲ್ಲಿ ಕಾಲಿಡುವುದೇ ಮುಜುಗರ, ಒಳಗೆ ಬರುವುದಂತೂ ದೂರ. ಜಗದೇವನಿಗೆ ಅವನು ಒಳಗೆ ಬರಲೇಬೇಕು. ಮಗ ಉಳಿದರೆ ಸಾಕೆಂದು ತಾಯಿ ಅಂಬಾ ತಾನೇ ಮಲ್ಲಿಬೊಮ್ಮನನ್ನು ಕರೆಯುತ್ತಾಳೆ. ಸಾಯುತ್ತಿರುವ ತಂದೆಗಿಂತ, ಹಿಂಜರಿಯುತ್ತಿರುವ ಗೆಳೆಯನಿಗಿಂತ ಜಗದೇವನಿಗೆ ತತ್ತ್ವದ ಗೆಲುವು ದೊಡ್ಡದು. ಬಸವಣ್ಣನ ಮಾತು ಅವನ ಕೈಯಲ್ಲಿ ಆಯುಧವಾಗಿದೆ ಎಂಬುದು ಆ ಒಂದು ಹೊಸ್ತಿಲಿನ ಮೇಲೆ ಸ್ಪಷ್ಟವಾಗುತ್ತದೆ. ಬಸವಣ್ಣ ಇನ್ನೂ ರಂಗಕ್ಕೇ ಬಂದಿಲ್ಲ.

ಭಂಡಾರದ ಪ್ರಸಂಗ ಇನ್ನೂ ತೀಕ್ಷ್ಣ. ಬಸವಣ್ಣ ಅರಸನ ಹೊನ್ನನ್ನು ಜಂಗಮರಿಗೆ ಸುರಿದನೆಂಬ ದೂರು, ಲೆಕ್ಕ ನೋಡಿದಾಗ ಒಂದು ಕಾಸೂ ಕಡಿಮೆಯಾಗದ ಪವಾಡ, ಇವೆರಡೂ ಹಳೆಯ ಕಾವ್ಯಗಳಲ್ಲಿವೆ. ಕಾರ್ನಾಡರು ಅದೇ ಕತೆಯನ್ನು ಒಳಹೊರಗು ಮಾಡಿದರು. ಅರಸ ಊರಲ್ಲಿಲ್ಲದಾಗ ಮಗ ಸೋವಿದೇವ ಭಂಡಾರ ತೆರೆಸುತ್ತಾನೆ, ಬಸವಣ್ಣನನ್ನು ಕಳ್ಳನೆಂದು ಹಿಡಿಯುವುದು ಅವನ ಹೂಟ. ಜಗದೇವ ಮತ್ತು ಸಂಗಡಿಗರು ಕಟ್ಟಡವನ್ನು ಮುತ್ತಿ ಕೂತು ಆ ಹೂಟವನ್ನು ತಡೆಯುತ್ತಾರೆ. ಲೆಕ್ಕ ಸರಿಯಿತ್ತು, ಅಷ್ಟೆ. ಆದರೆ ಊರಿಗೆ ಊರೇ ಅದನ್ನು ಪವಾಡವೆಂದು ಕೊಂಡಾಡುತ್ತದೆ. ಬಸವಣ್ಣ ಅಲ್ಲಗಳೆದಷ್ಟೂ ಜನರ ನಂಬಿಕೆ ಗಟ್ಟಿಯಾಗುತ್ತದೆ. ಪವಾಡದ ಗದ್ದಲದಲ್ಲಿ ಕಾವಲು ಕೂತ ಹುಡುಗರನ್ನು ಯಾರೂ ನೆನೆಯುವುದಿಲ್ಲ, ಜಗದೇವನ ಎದೆಯಲ್ಲಿ ಕಹಿ ಹುಟ್ಟುತ್ತದೆ. ಲೆಕ್ಕದ ಪ್ರಾಮಾಣಿಕತೆಯನ್ನು ಪವಾಡವಾಗಿ ಓದುವ ಭಕ್ತರು, ಆ ಪವಾಡದ ನೆರಳಲ್ಲಿ ಕುದಿಯುವ ಅನುಯಾಯಿ, ಎರಡನ್ನೂ ತಡೆಯಲಾರದ ಗುರು: ಮುಂದಿನ ದುರಂತದ ಬೀಜವೆಲ್ಲ ಇಲ್ಲಿದೆ. ಪುರಾಣ ಹೇಗೆ ಹುಟ್ಟುತ್ತದೆ ಎಂಬುದನ್ನು ಪುರಾಣದ ಕತೆಯಿಂದಲೇ ತೋರಿಸಿದ ಈ ಜಾಣ್ಮೆಗೆ ಸಾಟಿಯಾದುದು ಕನ್ನಡ ನಾಟಕದಲ್ಲಿ ಹೆಚ್ಚಿಲ್ಲ.

ಮದುವೆಯ ಸುದ್ದಿ ಬಂದಾಗ ಬಸವಣ್ಣ ತಕ್ಷಣ ಹಿಗ್ಗುವುದಿಲ್ಲ. ಹರಳಯ್ಯ ಮಧುವರಸರು ಅವನ ಮನೆಗೆ ಬಂದು ಸಂಬಂಧ ಗಟ್ಟಿಮಾಡಿಕೊಂಡದ್ದನ್ನು ಹೇಳಿದಾಗ ಅವನು ತಡವರಿಸುತ್ತಾನೆ. ವರ್ಣವ್ಯವಸ್ಥೆಯ ಬುಡಕ್ಕೇ ಬೀಳುವ ಈ ಏಟಿಗೆ ಎದುರೇಟು ಎಷ್ಟು ಘೋರವಾದೀತೆಂಬುದು ಅವನಿಗೆ ಗೊತ್ತು. ಅವರು ಬಂದದ್ದಾದರೂ ಅವನೇ ಹೇಳಿಕೊಟ್ಟ ಮಾತನ್ನು ನಂಬಿ. ಬೇಡವೆಂದರೆ ತಾನು ಆಡಿದ್ದೆಲ್ಲ ಸುಳ್ಳಾಗುತ್ತದೆ, ಹೂಂ ಎಂದರೆ ಈ ಎರಡು ಮನೆಗಳ ತಲೆಯ ಮೇಲೆ ಕತ್ತಿ ತೂಗುತ್ತದೆ. ಕೊನೆಗೆ ಅವನು ಹರಸುತ್ತಾನೆ. ಈ ತಡವರಿಕೆ ಅಂಜುಬುರುಕತನವೆಂದು ಕೆಲವರಿಗೆ ಕಂಡೀತು, ಆದರೆ ನಾಟಕದ ನೈತಿಕ ತೂಕವೆಲ್ಲ ನಿಂತಿರುವುದು ಅದರ ಮೇಲೆಯೇ. ತನ್ನ ಮಾತಿನ ಬೆಲೆಯನ್ನು ಬೇರೆಯವರ ಮಕ್ಕಳು ತೆರಬೇಕಾದಾಗ ಒಂದು ಕ್ಷಣವೂ ನಡುಗದವನು ಬಸವಣ್ಣನಾಗಿರಲಾರ.

ಕಾರ್ನಾಡರ ಬಿಜ್ಜಳ ಇಲ್ಲಿ ಖಳನಾಯಕನಲ್ಲ. ಕ್ಷೌರಿಕ ಕುಲದಿಂದ ಬಂದು ಕ್ಷತ್ರಿಯನೆನಿಸಿಕೊಂಡ ಅರಸ, ಹುಟ್ಟಿನ ಅವಮಾನವನ್ನು ಬಲ್ಲವನು. ಬಸವಣ್ಣನ ಮೇಲೆ ಅವನಿಗೆ ನಿಜವಾದ ಪ್ರೀತಿ ಇದೆ. ಮೊದಲು ಮದುವೆ ತಡೆಯೆಂದು ಹೇಳುವ ಅವನೇ ಆಮೇಲೆ ಅದಕ್ಕೆ ರಕ್ಷಣೆಯಾಗಿ ನಿಲ್ಲುತ್ತಾನೆ. ಅವನೂ ಕಟ್ಟಿದವನೇ, ಅವನು ಕಟ್ಟಿದ ರಾಜ್ಯವೂ ಹೆತ್ತ ಮಗನೂ ಅವನ ಮೇಲೆಯೇ ತಿರುಗಿಬೀಳುತ್ತಾರೆ. ಸೋವಿದೇವ ತಂದೆಯನ್ನು ಬಂಧನದಲ್ಲಿಟ್ಟು ಅಧಿಕಾರ ಕಸಿದುಕೊಳ್ಳುತ್ತಾನೆ. ಹರಳಯ್ಯ ಮಧುವರಸರ ಕಣ್ಣು ಕೀಳಿಸಲಾಗುತ್ತದೆ. ಜಗದೇವ ಸೇಡಿಗೆ ಹೊರಟು ಶಿವಾಲಯದೊಳಗೇ ಬಿಜ್ಜಳನನ್ನು ಇರಿಯುತ್ತಾನೆ. ಹಿಂಸೆ ಬೇಡವೆಂದು ಬಸವಣ್ಣ ಹೇಳುತ್ತಲೇ ಇದ್ದ. ಅಷ್ಟರಲ್ಲಿ ಅವನು ಕಲ್ಯಾಣ ಬಿಟ್ಟು ಸಂಗಮದ ದಾರಿ ಹಿಡಿದಾಗಿದೆ. ಅವನ ಮಾತಿನಿಂದಲೇ ರೂಪುಗೊಂಡ ಹುಡುಗ ಅವನ ಗೆಳೆಯನನ್ನೇ ಕೊಂದದ್ದು ಅವನ ಬೆನ್ನ ಹಿಂದೆ.

‘ಸಂಕ್ರಾಂತಿ’ಯಲ್ಲಿ ಶಿಷ್ಯ ತನ್ನನ್ನು ತಾನು ಕಳೆದುಕೊಂಡರೆ, ‘ತಲೆದಂಡ’ದಲ್ಲಿ ಶಿಷ್ಯ ಗುರುವಿನ ಮಾತನ್ನು ಕಳೆದುಬಿಡುತ್ತಾನೆ. ‘ಮಹಾಚೈತ್ರ’ದ ನೋಟ ಕಾಯಕದ ಜನರ ಕಡೆಗಿದೆ, ಚಳವಳಿಯ ದಿಕ್ಕು ಒಬ್ಬನ ಕೈಯಲ್ಲಿ ಉಳಿಯುವ ಮಾತೇ ಅಲ್ಲಿಲ್ಲ. ಸಿಂದಗಿ ತಾಲೂಕಿನ ಯರಗಲ್ಲದ ವಿದ್ವಾಂಸ ಎಂ.ಎಂ. ಕಲಬುರ್ಗಿಯವರೂ ಇದೇ ವಸ್ತುವಿನ ಮೇಲೆ ‘ಕೆಟ್ಟಿತ್ತು ಕಲ್ಯಾಣ’ ನಾಟಕ ಬರೆದರು. ವಚನಗಳನ್ನು ಸಂಪಾದಿಸುತ್ತ ಬಾಳು ಕಳೆದವರು ಅವರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು.

ನಾಟಕ ಬರೆದವರಿಗೂ ತಮ್ಮ ಕೃತಿ ಕೈಮೀರಿ ಹೋದ ಅನುಭವ ತಪ್ಪಲಿಲ್ಲ. ‘ಮಹಾಚೈತ್ರ’ ಪ್ರಕಟವಾಗಿ ಸುಮಾರು ಒಂಬತ್ತು ವರ್ಷ ರಂಗದ ಮೇಲೂ ಓದುಗರ ನಡುವೆಯೂ ಇತ್ತು. ಪದವಿ ತರಗತಿಗಳ ಪಠ್ಯವಾದ ಮೇಲೆ, 1995ರಲ್ಲಿ, ಅದರ ವಿರುದ್ಧ ದೊಡ್ಡ ಪ್ರತಿಭಟನೆ ಎದ್ದಿತು. ಬಸವಣ್ಣನಿಗೆ, ಶರಣರಿಗೆ ಅವಮಾನವಾಗಿದೆ, ನಾಟಕವನ್ನು ನಿಷೇಧಿಸಬೇಕು ಎಂಬ ಕೂಗು ಕೇಳಿಬಂತು. ಪ್ರೇಕ್ಷಕರು ನಾಟಕವೆಂದು ನೋಡಿದ್ದು ಪಠ್ಯವಾದ ಕೂಡಲೇ ಇತಿಹಾಸದ ಹೇಳಿಕೆಯಾಗಿ ತೋರಿತು. ಪೂಜೆಯ ಬಸವಣ್ಣನೂ ರಂಗದ ಬಸವಣ್ಣನೂ ಒಂದೇ ಹೆಸರಿನಲ್ಲಿ ಬಾಳಬೇಕಾದ ನಾಡಿನಲ್ಲಿ ಇಂಥ ತಿಕ್ಕಾಟ ಬರುವುದು ಸಹಜ. ಮನೆಯಲ್ಲಿ ದಿನಾ ಕೈಮುಗಿಯುವ ಮೂರ್ತಿ ರಂಗದ ಮೇಲೆ ತಡವರಿಸಿದರೆ ಭಕ್ತರಿಗೆ ನೋವಾಗುವುದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾಗೆಂದು ತಡವರಿಸುವ ಬಸವಣ್ಣ ನಾಟಕಕಾರರ ಕಟ್ಟುಕತೆಯೂ ಅಲ್ಲ, ಅವನ ವಚನಗಳಲ್ಲೇ ಆ ಮನುಷ್ಯ ಇದ್ದಾನೆ.

‘ತಲೆದಂಡ’ದ ಹಾದಿ ಇದಕ್ಕಿಂತ ಸುಗಮವಾಗಿತ್ತು. ಅದು ರಾಮಗೋಪಾಲ ಬಜಾಜರ ಅನುವಾದದಲ್ಲಿ ‘ರಕ್ತ ಕಲ್ಯಾಣ’ ಎಂಬ ಹೆಸರಿನಿಂದ ಹಿಂದಿಗೆ ಹೋಯಿತು. 1992ರಲ್ಲಿ ಇಬ್ರಾಹಿಂ ಅಲ್ಕಾಜಿ ಅದನ್ನು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ನಿರ್ದೇಶಿಸಿದರು. ಮರುವರ್ಷ ಕಾರ್ನಾಡರದೇ ಇಂಗ್ಲಿಷ್ ಅನುವಾದ ಬಂತು. 1994ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಕಾರ್ನಾಡರಿಗೆ ದೊರೆತದ್ದು ಈ ನಾಟಕಕ್ಕೇ.